ಟೆಲಿ-ಮಾನಸ್ 14416: ದೂರವಾದ ಮಕ್ಕಳ ವಿಷಯದಲ್ಲಿ ಎಷ್ಟು ಉಪಯೋಗ?

ವಿಚ್ಛೇದನದ ನಂತರ ಬೆಳೆದ ಮಕ್ಕಳು ಫೋನ್ ಎತ್ತುತ್ತಿಲ್ಲ ಎಂದು ಕೊರಗುವ ಅಪ್ಪ-ಅಮ್ಮಂದಿರಿಗೆ, 2022ರಲ್ಲಿ ಶುರುವಾದ ಈ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಮೊದಲ ಮೆಟ್ಟಿಲಾಗಿ ಪರವಾಗಿಲ್ಲ. ಶುಲ್ಕವಿಲ್ಲ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡಬಹುದು. ನಿದ್ದೆ, ಊಟ ಕೆಟ್ಟಿದ್ದರೆ ಅದನ್ನೇ ಮೊದಲು ಹೇಳಿ. ಅಗತ್ಯವಿದ್ದರೆ ತಜ್ಞರಿಗೆ ದಾಟಿಸುತ್ತಾರೆ.

ಆದರೆ ಮಕ್ಕಳನ್ನು ರಾಜಿಗೆ ಕರೆಸುವುದು ಸಹಾಯವಾಣಿಯವರ ಕೆಲಸವಲ್ಲ. ಭೇಟಿಯ ಹಕ್ಕಿನ ಕೋರ್ಟ್ ಆದೇಶವೂ 18 ತುಂಬುವವರೆಗಷ್ಟೇ. ಆಮೇಲೆ ಎಲ್ಲವೂ ಮಕ್ಕಳ ಮರ್ಜಿ. ನೀವೂ ಮಕ್ಕಳೂ ಒಪ್ಪಿದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬ ಮನೋವೈದ್ಯಕೀಯ ಕೇಂದ್ರವೇ ಇದೆ. ಒಟ್ಟಿಗೆ ಕೂತು ಮಾತಾಡಲು ಅದೇ ಸರಿ.

ಕರೆ ಮಾಡುವ ಮುಂಚೆ, ಕೊನೆಯ ಮಾತುಕತೆ ಯಾವ ಸಾಲಿಗೆ ಮುರಿದುಬಿತ್ತು ಎಂದು ಬರೆದಿಟ್ಟುಕೊಳ್ಳಿ. ಬಹಳ ಸಲ ಅದು "ನಿಮ್ಮಮ್ಮ ನಿನ್ನ ತಲೆ ಕೆಡಿಸಿದ್ದಾಳೆ" ಎಂಬುದೇ. ಮಗಳ ಕಿವಿಗೆ ಇದು ಅಮ್ಮನ ಮೇಲಿನ ದೂರಲ್ಲ, ತನಗೆ ಸ್ವಂತ ಬುದ್ಧಿಯಿಲ್ಲ ಎಂಬ ಬೈಗುಳ. ಇಂಥ ಮಾತಿನ ಬದಲು "ಹುಟ್ಟುಹಬ್ಬದ ಶುಭಾಶಯ ಕಣಮ್ಮಾ. ಉತ್ತರ ಬರೀಲೇಬೇಕು ಅಂತೇನಿಲ್ಲ" ಎಂಬ ಎರಡು ಸಾಲಿನ ಸಂದೇಶ ಸಾಕು. ಸಂಜೆಗೆ "ನೋಡಿದ್ಯಾ?" ಎಂದು ಮತ್ತೊಂದು ಕಳಿಸಿದರೆ ಮೊದಲಿನದೂ ವಸೂಲಿಯಂತೆ ಕೇಳುತ್ತದೆ.