ಅಮೆರಿಕದ ಗ್ಯಾಸ್ಟ್ರೋ ವಿಭಾಗದಲ್ಲಿ ಅನುಭವ: ಇಲೆಕ್ಟಿವ್, ಅಬ್ಸರ್ವರ್‌ಶಿಪ್, ರಿಸರ್ಚ್ – ಯಾರಿಗೆ ಯಾವುದು?

ಗ್ಯಾಸ್ಟ್ರೋಎಂಟರಾಲಜಿಯೇ (ಜೀರ್ಣಾಂಗ ರೋಗಗಳ ವಿಭಾಗ) ಬೇಕೆಂದು ಹೊರಟವರೂ ಅಮೆರಿಕದಲ್ಲಿ ಮೊದಲು ಹೊಗಬೇಕಾದ ಬಾಗಿಲು ಇಂಟರ್ನಲ್ ಮೆಡಿಸಿನ್. ಮೂರು ವರ್ಷ ರೆಸಿಡೆನ್ಸಿ (ಆಸ್ಪತ್ರೆಯಲ್ಲಿನ ಸ್ನಾತಕೋತ್ತರ ತರಬೇತಿ), ಆಮೇಲೆ ಮೂರು ವರ್ಷ ಗ್ಯಾಸ್ಟ್ರೋ ಫೆಲೋಶಿಪ್. ಇಲ್ಲಿ ಡಿಎಂ (ಸೂಪರ್ ಸ್ಪೆಷಾಲಿಟಿ ಪದವಿ) ಮುಗಿಸಿದವರಿಗೂ ಸಾಮಾನ್ಯವಾಗಿ ಇದೇ ದಾರಿ. ಆದ್ದರಿಂದ ಒಂದೆರಡು ತಿಂಗಳಿಗೆಂದು ಅಲ್ಲಿಗೆ ಹೋಗುವವರು ಎಂಡೋಸ್ಕೋಪ್ ಹಿಡಿಯುವ ಆಸೆಯನ್ನು ಬದಿಗಿಡಬೇಕು. ಅಲ್ಲಿಂದ ತರಬೇಕಾದದ್ದು, ರೋಗಿಯ ಬಗ್ಗೆ ನೀವು ಯೋಚಿಸುವ ರೀತಿಯನ್ನು ಕಣ್ಣಾರೆ ಕಂಡ ಅಟೆಂಡಿಂಗ್ (ತಂಡದ ಹಿರಿಯ ವೈದ್ಯರು) ಒಬ್ಬರು ರೆಸಿಡೆನ್ಸಿ ಅರ್ಜಿಗೆ ಬರೆದ ಶಿಫಾರಸು ಪತ್ರ. ಮೂರೂ ದಾರಿಗಳನ್ನು ಈ ಒಂದೇ ತಕ್ಕಡಿಯಲ್ಲಿ ತೂಗುವುದು ಒಳ್ಳೆಯದು.

ತೂಕದಲ್ಲಿ ಮೊದಲು ಬರುವುದು ಇಲೆಕ್ಟಿವ್, ಅಂದರೆ ವಿದ್ಯಾರ್ಥಿಯಾಗಿ ಕೆಲವು ವಾರ ಅಲ್ಲಿನ ಆಸ್ಪತ್ರೆಯಲ್ಲಿ ಕಲಿಯುವುದು. ರೋಗಿಯನ್ನು ಮುಟ್ಟಿ ಪರೀಕ್ಷಿಸಬಹುದು, ಹಿಸ್ಟರಿ ತೆಗೆಯಬಹುದು, ರೌಂಡ್ಸ್‌ನಲ್ಲಿ ಪ್ರೆಸೆಂಟ್ ಮಾಡಬಹುದು. ಆದರೆ ಇದು ವಿದ್ಯಾರ್ಥಿಗಳಿಗೆ ಮಾತ್ರ. ನಮ್ಮಲ್ಲಿ ಇಂಟರ್ನ್‌ಶಿಪ್ ಮುಗಿದ ಮೇಲೆಯೇ ಎಂಬಿಬಿಎಸ್ ಪದವಿ ಕೈಗೆ ಬರುವುದರಿಂದ, ಕಾಲೇಜು ಪತ್ರ ಕೊಟ್ಟರೆ ಕೆಲವು ಆಸ್ಪತ್ರೆಗಳು ಇಂಟರ್ನ್‌ಗಳನ್ನೂ ವಿದ್ಯಾರ್ಥಿಗಳೆಂದೇ ಸೇರಿಸಿಕೊಳ್ಳುತ್ತವೆ, ಕೆಲವು ಒಪ್ಪುವುದಿಲ್ಲ. ಅರ್ಜಿ ಹಾಕುವ ಮೊದಲೇ ಇಮೇಲ್‌ನಲ್ಲಿ ಕೇಳಿ, ಉತ್ತರವನ್ನು ತೆಗೆದಿಟ್ಟುಕೊಳ್ಳಿ. ಇನ್ನೊಂದು ತೊಡಕು ರಜೆಯದು. 2021ರ ಎನ್‌ಎಂಸಿ (ರಾಷ್ಟ್ರೀಯ ವೈದ್ಯಕೀಯ ಆಯೋಗ) ನಿಯಮದಂತೆ ಇಡೀ ಇಂಟರ್ನ್‌ಶಿಪ್‌ಗೆ ಸಿಗುವುದು 15 ದಿನದ ರಜೆ. ನಾಲ್ಕು ವಾರದ ಇಲೆಕ್ಟಿವ್‌ಗೆ ಹೋದರೆ ಉಳಿದಷ್ಟು ದಿನ ಇಂಟರ್ನ್‌ಶಿಪ್ ಮುಂದಕ್ಕೆ ಹೋಗುತ್ತದೆ, ಅದರ ಹಿಂದೆಯೇ ಪಿಜಿ ಪರೀಕ್ಷೆಯ ಲೆಕ್ಕವೂ ಏರುಪೇರಾಗುತ್ತದೆ. ಅಂತಿಮ ವರ್ಷಕ್ಕೆ ಕಾಲಿಡುವಾಗಲೇ ಯೋಜಿಸಿದವರಿಗೆ ಮಾತ್ರ ಈ ದಾರಿ ಸಲೀಸು.

ಪದವಿ ಕೈಗೆ ಬಂದವರಿಗೆ ಉಳಿಯುವುದು ಅಬ್ಸರ್ವರ್‌ಶಿಪ್, ಅಂದರೆ ಬರೀ ನೋಡಿ ಕಲಿಯುವುದು. ರೋಗಿಯನ್ನು ಮುಟ್ಟುವಂತಿಲ್ಲ, ನೋಟ್ಸ್ ಬರೆಯುವಂತಿಲ್ಲ, ಬಹುತೇಕ ಕಡೆ ಕಂಪ್ಯೂಟರ್ ದಾಖಲೆಗೆ ಲಾಗಿನ್ ಕೂಡ ಕೊಡುವುದಿಲ್ಲ. ಹಾಗಿದ್ದರೂ ಇದನ್ನು ಕೀಳಾಗಿ ಕಾಣಬಾರದು. ಎಲ್ಲಿ ನಿಲ್ಲುತ್ತೀರಿ ಎಂಬುದರ ಮೇಲೆ ಅದರ ಬೆಲೆ ನಿಂತಿದೆ. ಎಂಡೋಸ್ಕೋಪಿ ಕೋಣೆಯಲ್ಲಿ ದಿನವಿಡೀ ಕೊಲೊನೋಸ್ಕೋಪಿ ನೋಡಬಹುದು. ಅಲ್ಲಿ 45 ತುಂಬಿದವರಿಗೆ ಕರುಳಿನ ಕ್ಯಾನ್ಸರ್ ಸ್ಕ್ರೀನಿಂಗ್ ನಡೆಯುವುದರಿಂದ ಪಟ್ಟಿಗೆ ಕೊನೆಯೇ ಇಲ್ಲ. ಆದರೆ ಅಟೆಂಡಿಂಗ್ ಕಣ್ಣು ಪರದೆಯ ಮೇಲೆ, ನಿಮ್ಮ ಬಾಯಿಗೆ ಕೆಲಸವಿಲ್ಲ. ತಿಂಗಳ ಕೊನೆಗೆ ಅವರು ಬರೆಯಬಲ್ಲದ್ದು ‘ಸಮಯಕ್ಕೆ ಸರಿಯಾಗಿ ಬರುತ್ತಿದ್ದರು’ ಎಂಬಷ್ಟೇ. ಅದೇ ನಾಲ್ಕು ವಾರ ಇನ್‌ಪೇಷಂಟ್ ಕನ್ಸಲ್ಟ್ ತಂಡದ (ಬೇರೆ ವಿಭಾಗಗಳು ಕರೆದಾಗ ದಾಖಲಾದ ರೋಗಿಗಳನ್ನು ನೋಡುವ ತಂಡ) ಜೊತೆ ಕಳೆದರೆ ದಿನಕ್ಕೆ ಒಂದಾದರೂ ರೋಗಿಯ ಬಗ್ಗೆ ಮಾತನಾಡುವ ಅವಕಾಶ ಸಿಗುತ್ತದೆ. ಮೊದಲ ವಾರವೇ ಫೆಲೋ ಹತ್ತಿರ ‘ನಾಳೆ ಒಂದು ಕೇಸ್ ಬಾಯಲ್ಲಿ ಹೇಳಲೇ?’ ಎಂದು ಕೇಳಿ. ಕೇಳದೆ ಯಾರೂ ಕೊಡುವುದಿಲ್ಲ.

ಹೇಳುವ ಧಾಟಿಯಲ್ಲೇ ನಮ್ಮವರು ಎಡವುವುದು. ಹೆಸರು, ವಯಸ್ಸು, ಕಸುಬು, ಊರು ಎಂದು ಶುರುಮಾಡಿ ಹತ್ತು ನಿಮಿಷಕ್ಕೆ ಡಯಾಗ್ನೋಸಿಸ್ ಮುಟ್ಟುವ ನಮ್ಮ ವೈವಾ ಕ್ರಮ ಅಲ್ಲಿ ನಡೆಯದು. ಮೊದಲ ವಾಕ್ಯದಲ್ಲೇ ತಿರುಳು ಬರಬೇಕು: ‘58 ವರ್ಷದ ಗಂಡಸು, ಮಂಡಿನೋವಿಗೆ ಐಬುಪ್ರೊಫೇನ್ ನುಂಗುತ್ತಿದ್ದವರು, ಎರಡು ದಿನದಿಂದ ಕಪ್ಪು ಮಲ, ಹಿಮೋಗ್ಲೋಬಿನ್ 6.8.’ ಬೆನ್ನಲ್ಲೇ ಬಿಪಿ, ನಾಡಿ, ಲ್ಯಾಬ್. ಆಮೇಲೆ ನಿಮ್ಮ ತೀರ್ಮಾನ: ಪೆಪ್ಟಿಕ್ ಅಲ್ಸರ್‌ನ ರಕ್ತಸ್ರಾವ ಇರಬಹುದು; ಎರಡು ದಪ್ಪ ಐವಿ ಲೈನ್, ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿರುವುದರಿಂದ ರಕ್ತ, ಪಿಪಿಐ (ಆಮ್ಲ ತಗ್ಗಿಸುವ ಔಷಧ), ಸ್ಥಿತಿ ಸುಧಾರಿಸಿದ ಮೇಲೆ, ಆಸ್ಪತ್ರೆಗೆ ಬಂದ 24 ಗಂಟೆಯೊಳಗೆ ಎಂಡೋಸ್ಕೋಪಿ. ಎಲ್ಲ ಸೇರಿ ಮೂರು ನಿಮಿಷ ದಾಟಬಾರದು.

ಅಂಕಿಗಳಲ್ಲೂ ಜಾರುವ ಜಾಗಗಳಿವೆ. ನಮ್ಮ ಲ್ಯಾಬ್‌ಗಳು ಕೊಡುವುದು ಬ್ಲಡ್ ಯೂರಿಯಾ, ಅಲ್ಲಿನವರು ನೋಡುವುದು ಬಿಯುಎನ್ (ಯೂರಿಯಾದಲ್ಲಿನ ನೈಟ್ರೋಜನ್ ಮಾತ್ರ). ಯೂರಿಯಾವನ್ನು 2.14ರಿಂದ ಭಾಗಿಸಿದರೆ ಬಿಯುಎನ್. ನಮ್ಮ 86 ಅಲ್ಲಿ 40. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ ರಕ್ತಸ್ರಾವದ ಅಪಾಯ ಅಳೆಯುವ ಗ್ಲಾಸ್ಗೋ-ಬ್ಲಾಚ್‌ಫೋರ್ಡ್ ಸ್ಕೋರೇ ತಪ್ಪುತ್ತದೆ. ಪ್ಲೇಟ್‌ಲೆಟ್ ‘ಒಂದೂವರೆ ಲಕ್ಷ’ ಅಂದರೆ ಯಾರಿಗೂ ತಿಳಿಯದು, ‘150’ (ಸಾವಿರದ ಲೆಕ್ಕದಲ್ಲಿ) ಅನ್ನಬೇಕು. ಪ್ಯಾರಾಸಿಟಮಾಲ್ ಅಲ್ಲಿ ಅಸಿಟಮಿನೋಫೆನ್, ಅಡ್ರಿನಲಿನ್ ಅಲ್ಲಿ ಎಪಿನೆಫ್ರಿನ್. ಸಿರೋಸಿಸ್ ರೋಗಿಗೆ ವೆರೈಸಿಸ್ (ಅನ್ನನಾಳದ ಉಬ್ಬಿದ ರಕ್ತನಾಳ) ಒಡೆದರೆ ನಮ್ಮ ಬಾಯಿಗೆ ಮೊದಲು ಬರುವುದು ಟರ್ಲಿಪ್ರೆಸಿನ್. ಅಮೆರಿಕದಲ್ಲಿ ಅದಕ್ಕೆ 2022ರಲ್ಲಿ ಒಪ್ಪಿಗೆ ಸಿಕ್ಕಿದ್ದು ಹೆಪಟೋರೀನಲ್ ಸಿಂಡ್ರೋಮ್‌ಗೆ (ಲಿವರ್ ಕೆಟ್ಟಾಗ ಕಿಡ್ನಿಯೂ ಸೋಲುವುದು). ರಕ್ತಸ್ರಾವಕ್ಕೆ ಅಲ್ಲಿ ಕೊಡುವುದು ಆಕ್ಟ್ರಿಯೋಟೈಡ್, ಜೊತೆಗೆ ದಿನಕ್ಕೆ 1 ಗ್ರಾಂ ಸೆಫ್ಟ್ರಿಯಾಕ್ಸೋನ್, 12 ಗಂಟೆಯೊಳಗೆ ಎಂಡೋಸ್ಕೋಪಿ. ಇಷ್ಟನ್ನು ವಿಮಾನ ಹತ್ತುವ ಮೊದಲೇ ರೂಢಿಸಿಕೊಂಡವರ ಮಾತಿಗೆ ಎರಡನೇ ದಿನವೇ ತಂಡ ಕಿವಿಗೊಡುತ್ತದೆ.

ರಿಸರ್ಚ್ ದಾರಿ ಬೇರೆಯದೇ ಲೆಕ್ಕ. ಒಂದೆರಡು ವರ್ಷ ಬೇಕು, ಹಲವು ಕಡೆ ಸಂಬಳವಿಲ್ಲ, ರೋಗಿಯ ಸಂಪರ್ಕ ಇಲ್ಲವೇ ಇಲ್ಲ ಎನ್ನುವಷ್ಟು. ಇದನ್ನು ಕ್ಲಿನಿಕಲ್ ಅನುಭವ ಎಂದು ಅರ್ಜಿಯಲ್ಲಿ ತೋರಿಸುವುದು ತಪ್ಪು. ಎಂಬಿಬಿಎಸ್ ಮುಗಿದು ಐದಾರು ವರ್ಷ ಕಳೆದವರಿಗೆ, ಇಲ್ಲಿ ಎಂಡಿ, ಡಿಎಂ ಮಾಡಿ ಮುಂದೆ ಫೆಲೋಶಿಪ್‌ಗೂ ಹೆಸರು ಕಟ್ಟಿಕೊಳ್ಳಬೇಕಾದವರಿಗೆ ಇದು ನಿಜಕ್ಕೂ ಲಾಭ. ಕಾಲದ ಲೆಕ್ಕ ಮಾತ್ರ ಬಿಗಿ. ಮೇ ತಿಂಗಳ ಡಿಡಿಡಬ್ಲ್ಯೂ (ಡೈಜೆಸ್ಟಿವ್ ಡಿಸೀಸ್ ವೀಕ್) ಸಮ್ಮೇಳನಕ್ಕೆ ಸಾರಾಂಶ ಕಳಿಸುವ ಗಡುವು ಡಿಸೆಂಬರ್ ಮೊದಲ ವಾರದ ಆಸುಪಾಸು. ಸೆಪ್ಟೆಂಬರ್‌ನಲ್ಲಿ ಸೇರಿದವರಿಗೆ ಐಆರ್‌ಬಿ (ಸಂಶೋಧನೆಯ ನೈತಿಕ ಸಮಿತಿ) ಒಪ್ಪಿಗೆ ಬರುವಷ್ಟರಲ್ಲಿ ಅದು ದಾಟಿಹೋಗಿರುತ್ತದೆ. ಅಂಥವರು ಎಸಿಜಿ (ಅಮೆರಿಕನ್ ಕಾಲೇಜ್ ಆಫ್ ಗ್ಯಾಸ್ಟ್ರೋಎಂಟರಾಲಜಿ) ಸಮ್ಮೇಳನಕ್ಕೆ ಗುರಿಯಿಡುವುದು ಜಾಣತನ: ಗಡುವು ಜೂನ್‌ನಲ್ಲಿ, ಸಮ್ಮೇಳನ ಅಕ್ಟೋಬರ್‌ನಲ್ಲಿ, ಅಲ್ಲಿ ಕೇಸ್ ರಿಪೋರ್ಟ್‌ಗೂ ಜಾಗವಿದೆ. ಈ ವರ್ಷಗಳಲ್ಲಿ ವಾರಕ್ಕೊಂದು ದಿನ ಅದೇ ವಿಭಾಗದ ಕ್ಲಿನಿಕ್‌ನಲ್ಲಿ ಅಬ್ಸರ್ವರ್ ಆಗಿ ಕೂರಲು ಲಿಖಿತ ಅನುಮತಿ ಪಡೆದುಕೊಂಡರೆ ಪತ್ರಕ್ಕೆ ಜೀವ ಬರುತ್ತದೆ.

ಹಣ ಕೊಟ್ಟರೆ ಪದವೀಧರರಿಗೂ ‘ಹ್ಯಾಂಡ್ಸ್-ಆನ್’ ಎನ್ನುವ ಏಜೆನ್ಸಿಗಳ ವಿಷಯದಲ್ಲಿ ಎಚ್ಚರ ಬೇಕು. ಬಿ-1 ವೀಸಾದ ಮೇಲೆ ವೈದ್ಯರು ನೋಡಬಹುದು, ಚರ್ಚಿಸಬಹುದು. ಸಂಬಳವಿಲ್ಲ, ಚಿಕಿತ್ಸೆ ಇಲ್ಲ. ಆಹ್ವಾನ ಪತ್ರದಲ್ಲೂ ಹಾಗೆಯೇ ಇರಬೇಕು. ಇಂಥ ಕಡೆ ಸಿಗುವುದು ಹೆಚ್ಚಾಗಿ ಖಾಸಗಿ ಕ್ಲಿನಿಕ್. ಅಲ್ಲಿನ ವೈದ್ಯರು ರೆಸಿಡೆಂಟ್‌ಗಳಿಗೆ ಕಲಿಸುವವರಲ್ಲದಿದ್ದರೆ ಪತ್ರದ ತೂಕ ಕಡಿಮೆ.

ಮೂರಕ್ಕೂ ಬೇಕಾದ ಕಾಗದಗಳಲ್ಲಿ ಹೆಚ್ಚು ಕಾಡುವುದು ಲಸಿಕೆ ದಾಖಲೆ. ಹೆಪಟೈಟಿಸ್ ಬಿ ಆ್ಯಂಟಿಬಾಡಿ 10ಕ್ಕಿಂತ ಕೆಳಗಿದ್ದರೆ ಮತ್ತೆ ಡೋಸ್, ಮತ್ತೆ ಪರೀಕ್ಷೆ; ಮೂರು ಡೋಸ್‌ನ ಪೂರ್ತಿ ಸರಣಿಗೆ ಆರು ತಿಂಗಳು. ಚಿಕ್ಕಂದಿನ ಬಿಸಿಜಿಯಿಂದಾಗಿ ಟಿಬಿಯ ಚರ್ಮ ಪರೀಕ್ಷೆ ಪಾಸಿಟಿವ್ ಬರಬಹುದು, ರಕ್ತದ ಐಜಿಆರ್‌ಎ ಪರೀಕ್ಷೆಯನ್ನೇ ಮಾಡಿಸಿ.

ಪತ್ರ ಕೇಳುವುದು ಮೂರನೇ ವಾರದ ಕೊನೆಗೆ, ಎದುರಿಗೆ ನಿಂತು. ಒಪ್ಪಿದರೆ ಇರಾಸ್‌ನಲ್ಲಿ (ರೆಸಿಡೆನ್ಸಿಗೆ ಅರ್ಜಿ ಹಾಕುವ ಆನ್‌ಲೈನ್ ವ್ಯವಸ್ಥೆ) ಲೆಟರ್ ರಿಕ್ವೆಸ್ಟ್ ತಯಾರಿಸಿ, ಪತ್ರ ನೋಡುವ ಹಕ್ಕು ಬಿಟ್ಟುಕೊಟ್ಟಿರುವುದಾಗಿ ಗುರುತು ಹಾಕಿ, ಸಿವಿ ಜೊತೆಗೆ ನೀವು ಚರ್ಚಿಸಿದ ಮೂರು ಕೇಸ್‌ಗಳನ್ನು ಎರಡೆರಡು ಸಾಲಿನಲ್ಲಿ ನೆನಪಿಸಿ ಕಳಿಸಿ, ರೋಗಿಯ ಹೆಸರು, ದಿನಾಂಕ ಯಾವುದೂ ಇಲ್ಲದೆ. ಅಪ್‌ಲೋಡ್ ಮಾಡುವವರು ಅವರೇ. ಸೆಪ್ಟೆಂಬರ್ ಕೊನೆಗೆ ಪ್ರೋಗ್ರಾಂಗಳು ಅರ್ಜಿ ತೆರೆಯುತ್ತವೆ. ಆಗಸ್ಟ್ ಮಧ್ಯದಲ್ಲೂ ಪತ್ರ ಬಂದಿಲ್ಲವೆಂದರೆ ಅವರ ಆಫೀಸ್ ಸಹಾಯಕರಿಗೆ ಒಂದು ವಿನಯದ ಇಮೇಲ್ ಹಾಕಿ.