ಸಿದ್ಧ ಸಾಮಗ್ರಿಯಿಂದ ಆನ್‌ಲೈನ್ ಸಂಪಾದನೆ: ನಾನು ಮಾಡಿ ನೋಡಿದ ಮೂರು ದಾರಿ

ಬೇರೆಯವರು ಮಾಡಿಟ್ಟ ಸಾಮಗ್ರಿಯನ್ನು ಹಕ್ಕಿನ ಪ್ರಕಾರವೇ ತೆಗೆದುಕೊಂಡು, ಒಂದು ಸಣ್ಣ ಗುಂಪಿಗೆ ಬೇಕಾದ ಹಾಗೆ ಬದಲಿಸಿ ಮಾರಬಹುದು. ನಾನು ಆರಿಸಿಕೊಂಡ ಗುಂಪು ಕರ್ನಾಟಕದ ಹೊರಗಿರುವ ಕನ್ನಡದ ಅಪ್ಪ ಅಮ್ಮಂದಿರು. ಪುಣೆ, ದುಬೈ, ನ್ಯೂಜೆರ್ಸಿಯಂಥ ಊರುಗಳಲ್ಲಿ ಇವರ ಮಕ್ಕಳು ಕನ್ನಡ ಮಾತಾಡುತ್ತಾರೆ, ಓದಲು ಬರೆಯಲು ಬರುವುದಿಲ್ಲ. ಅಂಥವರು ಮನೆಯಲ್ಲೇ ಪ್ರಿಂಟ್ ತೆಗೆದು ಬಳಸುವ ಪಿಡಿಎಫ್ ಹಾಳೆಗಳನ್ನು ಮಾಡಿದೆ. ಅದಕ್ಕೆ ಸಾಮಗ್ರಿ ತಂದದ್ದು ಮೂರು ಕಡೆಯಿಂದ: ದುಡ್ಡು ಕೊಟ್ಟು ಕೊಂಡ ಪಿಎಲ್‌ಆರ್ (ತಿದ್ದಿ ಮಾರುವ ಹಕ್ಕಿರುವ) ಪ್ಯಾಕ್, ಹಕ್ಕುಸ್ವಾಮ್ಯ ಮುಗಿದ ಹಳೆಯ ಕನ್ನಡ ಪದ್ಯ, ಕ್ರಿಯೇಟಿವ್ ಕಾಮನ್ಸ್ (ಬರೆದವರೇ ಕೆಲವು ಷರತ್ತು ಹಾಕಿ ಎಲ್ಲರಿಗೂ ಬಳಸಲು ಬಿಟ್ಟ) ಕಥೆ. ಕೊಳ್ಳುವವರು ಒಂದೇ ಗುಂಪಾದ್ದರಿಂದ ಮೂರನ್ನೂ ಅಕ್ಕಪಕ್ಕ ಇಟ್ಟು ನೋಡಲು ಆಯಿತು.

ಮೊದಲು ಪಿಎಲ್‌ಆರ್. ಪ್ರೈವೇಟ್ ಲೇಬಲ್ ರೈಟ್ಸ್ ಅಂದರೆ, ಫೈಲ್ ಕೊಂಡವರು ಅದನ್ನು ತಿದ್ದಿ, ತಮ್ಮ ಹೆಸರು ಹಾಕಿ ಮಾರಬಹುದು. ಬರೀ ರೀಸೇಲ್ ಹಕ್ಕು ಬೇರೆ. ಅದರಲ್ಲಿ ಸಾಮಾನ್ಯವಾಗಿ ತಿದ್ದುವಂತಿಲ್ಲ, ಇದ್ದ ಹಾಗೆಯೇ ಮಾರಬೇಕು. ನಾನು ಕೊಂಡದ್ದು ಮಕ್ಕಳ ಚಟುವಟಿಕೆ ಹಾಳೆಗಳ ಇಂಗ್ಲಿಷ್ ಪ್ಯಾಕ್. ನೋಡಲು ಬಹಳ ಚೆನ್ನಾಗಿತ್ತು. ಆದರೆ ಅದರಲ್ಲಿದ್ದದ್ದು ಹಿಮದ ಗೊಂಬೆ, ಹ್ಯಾಲೊವೀನ್ ಕುಂಬಳಕಾಯಿ. ನ್ಯೂಜೆರ್ಸಿಯ ಮಗುವಿಗೆ ಅವೆಲ್ಲ ಶಾಲೆಯಲ್ಲೇ ಸಿಗುತ್ತವೆ. ಅದರ ಅಮ್ಮ ಹುಡುಕುವುದು ಯುಗಾದಿಯ ಬೇವು ಬೆಲ್ಲವನ್ನು, ದಸರೆಯ ಗೊಂಬೆಗಳನ್ನು.

ಅಕ್ಷರದ ಹಾಳೆಗಳಂತೂ ಉಪಯೋಗಕ್ಕೇ ಬರಲಿಲ್ಲ. ಇಂಗ್ಲಿಷಿನ ನಾಲ್ಕು ಗೆರೆಗಳ ನಡುವೆ ಕನ್ನಡದ ಒತ್ತಕ್ಷರಕ್ಕೆ ಜಾಗವೇ ಇಲ್ಲ. ‘ಸ್ತ್ರೀ’ ಬರೆಯಲು ಹೋದರೆ ಒತ್ತು ಕೆಳಗಿನ ಸಾಲಿಗೆ ಇಳಿಯುತ್ತದೆ. 49 ಅಕ್ಷರಗಳ ವರ್ಣಮಾಲೆ, ಅದರ ಮೇಲೆ ಕಾಗುಣಿತ, ಎಲ್ಲಕ್ಕೂ ಹೊಸ ಹಾಳೆ ಬರೆಯಬೇಕಾಯಿತು. ಪ್ಯಾಕ್‌ನಲ್ಲಿ ನನಗೆ ಉಳಿದದ್ದು ದಾರಿ ಹುಡುಕುವ ಆಟ, ಚುಕ್ಕಿ ಸೇರಿಸುವ ಚಿತ್ರ, ವಾರದ ವೇಳಾಪಟ್ಟಿ ಅಷ್ಟೇ. ಅದೇ ಫೈಲ್ ಬೇರೆ ಎಷ್ಟೋ ಜನರ ಕೈಯಲ್ಲೂ ಇರುತ್ತದೆ, ಹಾಗಾಗಿ ಬೆಲೆ ಕೆಳಗೇ ಎಳೆಯುತ್ತಿರುತ್ತದೆ. ಇನ್ನು ಇನ್‌ಸ್ಟಾಗ್ರಾಂ, ಟೆಲಿಗ್ರಾಂಗಳಲ್ಲಿ ₹99ಕ್ಕೆ ಮಾರುವ ‘ಲಕ್ಷ ಫೈಲ್’ ಬಂಡಲ್‌ಗಳಿಂದ ದೂರವೇ ಇರಿ. ಮಾರುವವರ ಬಳಿಯೇ ಹಕ್ಕು ಇಲ್ಲದಿದ್ದರೆ ಕೊಂಡವರಿಗೆ ಎಲ್ಲಿಂದ ಬರಬೇಕು?

ಎರಡನೆಯದು ಹಕ್ಕುಸ್ವಾಮ್ಯ ಮುಗಿದ ಹಳೆಯ ಪದ್ಯ. ನನಗೆ ತುಂಬ ಇಷ್ಟವಾದ ದಾರಿ ಇದು, ಕೆಲಸವೂ ಅದರಲ್ಲೇ ಜಾಸ್ತಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ನಮ್ಮಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಪಂಜೆ ಮಂಗೇಶರಾಯರು ತೀರಿಕೊಂಡದ್ದು 1937ರಲ್ಲಿ. ಅವರು ಬರೆದ ಮಕ್ಕಳ ಪದ್ಯಗಳನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು, ಮಾರಬಹುದು. ಜಿ.ಪಿ. ರಾಜರತ್ನಂ ಅವರ ಪದ್ಯಗಳೂ ಅಷ್ಟೇ ಬಾಯಿಪಾಠ ಅಲ್ವಾ? ಆದರೆ ಅವರು ಹೋದದ್ದು 1979ರಲ್ಲಿ. 2039 ಮುಗಿಯುವ ತನಕ ಹಕ್ಕು ಇದೆ. ಡಿ.ವಿ.ಜಿ. ಅವರ ಪದ್ಯಗಳಿಗೆ 2035ರ ಕೊನೆಯ ತನಕ. ಊರೆಲ್ಲ ಹಾಡುತ್ತದೆ ಅಂದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಹಳೆಯ ಪದ್ಯಕ್ಕೆ ಈಚೆಗೆ ಬರೆದ ಚಿತ್ರ, ಮುನ್ನುಡಿ, ಟಿಪ್ಪಣಿ, ಹಾಡಿದ ಧ್ವನಿಮುದ್ರಣ, ಇವಕ್ಕೆಲ್ಲ ಬೇರೆಯೇ ಹಕ್ಕು. ಸರ್ಕಾರದ ಪಠ್ಯಪುಸ್ತಕದ ಪಿಡಿಎಫ್ ಉಚಿತವಾಗಿ ಸಿಗುತ್ತದೆ ಅಂತ ಅದರಿಂದ ಪುಟ ತೆಗೆದು ಮಾರುವಂತೆಯೂ ಇಲ್ಲ. ಸರ್ಕಾರದ ಪ್ರಕಟಣೆಗೂ 60 ವರ್ಷದ ಹಕ್ಕು ಇದೆ.

ಹಳೆಯ ಪುಟಗಳ ಸ್ಕ್ಯಾನ್ ಅನ್ನು ಗೂಗಲ್ ಡ್ರೈವ್‌ನಲ್ಲಿ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಅಕ್ಷರಗಳು ಟೈಪ್ ಮಾಡಿದ ಹಾಗೆ ಬರುತ್ತವೆ. ಒತ್ತಕ್ಷರಗಳು ಅಲ್ಲಲ್ಲಿ ಕೆಟ್ಟಿರುತ್ತವೆ, ಸಾಲು ಸಾಲಾಗಿ ಕೂತು ತಿದ್ದಬೇಕು. ಅಕ್ಷರಕ್ಕೆ ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ ಎಂಬ ಫಾಂಟ್‌ಗಳನ್ನು ಬಳಸಿದೆ. ಎರಡೂ ಮುಕ್ತ ಪರವಾನಗಿಯವು, ಮಾರುವ ಪಿಡಿಎಫ್‌ನಲ್ಲಿ ಹಾಕಲು ತೊಂದರೆಯಿಲ್ಲ. ಚಿತ್ರಗಳನ್ನು ಹೊಸದಾಗಿ ಬರೆಸಿದೆ. ಖರ್ಚು ಆದದ್ದು ಅಲ್ಲೇ. ಬಂಟ್ವಾಳದ ಕಡೆಯ ನನ್ನ ಚಿಕ್ಕಮ್ಮ ಪದ್ಯಗಳನ್ನು ಓದಿಕೊಟ್ಟರು. ಪಂಜೆಯವರ ಊರೂ ಬಂಟ್ವಾಳವೇ. ಆ ಓದಿಗೆ ಹಾಳೆಯ ಮೂಲೆಯಲ್ಲಿ ಕ್ಯೂಆರ್ ಕೋಡ್ ಇಟ್ಟೆ.

ಬೇಡಿಕೆ ನಿಜವಾಗಿ ಏರಿದ್ದು ಒಂದು ಸಣ್ಣ ಬದಲಾವಣೆಯಿಂದ. ಪುಣೆಯ ಒಬ್ಬ ತಾಯಿ, ‘ನಮ್ಮವರು ಮರಾಠಿಯವರು, ಮಗುವಿಗೆ ಅವರೂ ಓದಿ ಹೇಳುವ ಹಾಗೆ ಮಾಡಿಕೊಡಿ’ ಅಂತ ಕೇಳಿದರು. ಪ್ರತಿ ಸಾಲಿನ ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರಣೆ ಬರೆದೆ, ಪಕ್ಕದಲ್ಲಿ ಕಷ್ಟದ ಪದಗಳಿಗೆ ಅರ್ಥ ಕೊಟ್ಟೆ. ಅಪ್ಪ ಅಮ್ಮನಲ್ಲಿ ಒಬ್ಬರಿಗೆ ಮಾತ್ರ ಕನ್ನಡ ಬರುವ ಮನೆಗಳು ಬಹಳ ಇವೆ. ಅವರೇ ಈಗ ನನ್ನಲ್ಲಿ ಹೆಚ್ಚು ಕೊಳ್ಳುವವರು. ₹149 ಕೊಡಲು ಅವರು ಹಿಂದೆಮುಂದೆ ನೋಡುವುದಿಲ್ಲ.

ಮೂರನೆಯದು ಕ್ರಿಯೇಟಿವ್ ಕಾಮನ್ಸ್. ಬೇಗ ಶುರು ಮಾಡಲು ಇದೇ ಒಳ್ಳೆಯದು. ಮಕ್ಕಳ ಪುಸ್ತಕ ಹೊರತರುವ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣ 2015ರಲ್ಲಿ ಶುರುವಾಯಿತು. ಅಲ್ಲಿ ಕನ್ನಡದ ಮಕ್ಕಳ ಕಥೆಗಳು ಚಿತ್ರಗಳ ಸಮೇತ ಸಿಗುತ್ತವೆ, ಓದಿನ ಮಟ್ಟದ ಪ್ರಕಾರ ವಿಂಗಡಿಸಿಯೂ ಇರುತ್ತವೆ. ಹೆಚ್ಚಿನವಕ್ಕೆ ಸಿಸಿ ಬೈ 4.0, ಅಂದರೆ ಮಾಡಿದವರ ಹೆಸರು ಹೇಳಿ ಬಳಸುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿ. ಬರೆದವರು, ಚಿತ್ರ ಬಿಡಿಸಿದವರು, ಅನುವಾದಿಸಿದವರ ಹೆಸರು, ಪರವಾನಗಿಯ ಕೊಂಡಿ, ನೀವು ಮಾಡಿದ ಬದಲಾವಣೆ, ಇಷ್ಟನ್ನೂ ನಮೂದಿಸಿದರೆ ಮಾರಲೂಬಹುದು. ಬೇರೆ ಕಡೆಯಿಂದ ತರುವಾಗ ಪರವಾನಗಿಯ ಬಾಲ, ಅಂದರೆ ಅದರ ಹೆಸರಿನ ಕೊನೆಯ ಅಕ್ಷರಗಳನ್ನು ನೋಡಿಕೊಳ್ಳಿ. ‘ಎನ್‌ಸಿ’ ಇದ್ದರೆ ಮಾರುವಂತಿಲ್ಲ. ‘ಎನ್‌ಡಿ’ ಇದ್ದರೆ ಬದಲಿಸಿ ಹಂಚುವಂತಿಲ್ಲ. ವಿಕಿಪೀಡಿಯದ ಬರಹದಂತೆ ‘ಎಸ್‌ಎ’ ಇದ್ದರೆ, ನೀವು ಅದನ್ನು ಬದಲಿಸಿ ಮಾಡಿದ್ದನ್ನೂ ಅದೇ ಪರವಾನಗಿಯಲ್ಲಿ ಬಿಡಬೇಕು.

ತೊಂದರೆ ಒಂದೇ: ಅದೇ ಕಥೆ ಎಲ್ಲರಿಗೂ ಉಚಿತವಾಗಿ ಸಿಗುತ್ತದೆ. ಅದಕ್ಕೇ ಮಾರಾಟದ ಪುಟದಲ್ಲೇ ನಾನು ಕಥೆಯ ಉಚಿತ ಕೊಂಡಿ ಕೊಟ್ಟು, ಬೆಲೆ ನನ್ನ ಅಭ್ಯಾಸದ ಹಾಳೆಗಳಿಗೆ ಮಾತ್ರ ಅಂತ ಬರೆದಿದ್ದೇನೆ. ಕೊಳ್ಳುವವರಿಗೆ ಅದು ಸರಿ ಕಂಡಿದೆ. ಆದರೆ ಬೆಲೆ ₹79ರ ಮೇಲೆ ಹೋದರೆ ಯಾರೂ ಕೊಳ್ಳುವುದಿಲ್ಲ.

ಮಾರುವ ಜಾಗದ ಬಗ್ಗೆ ಎರಡು ಮಾತು. ನಾನು ನೋಡಿದಾಗ, ಪುಸ್ತಕವನ್ನು ನಾವೇ ಪ್ರಕಟಿಸಿ ಮಾರುವ ಅಮೆಜಾನ್ ಕೆಡಿಪಿಯ ಭಾಷೆಗಳ ಪಟ್ಟಿಯಲ್ಲಿ ಹಿಂದಿ, ತಮಿಳು, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಇದು ನನಗೆ ಈಗಲೂ ಬೇಸರದ ವಿಷಯ. ಪ್ರಿಂಟ್ ತೆಗೆಯುವ ಹಾಳೆಗಳಿಗೆ ಇನ್‌ಸ್ಟಾಮೋಜೊದಂಥ ಪೇಮೆಂಟ್ ಲಿಂಕೇ ಅನುಕೂಲ. ಹೊರದೇಶದವರಿಗೆ ಪೇಪಾಲ್ ಇಟ್ಟಿದ್ದೇನೆ. ಅದು 2021ರ ಏಪ್ರಿಲ್‌ನಿಂದ ಭಾರತದ ಒಳಗಿನ ಪಾವತಿ ನಿಲ್ಲಿಸಿರುವುದರಿಂದ ಇಲ್ಲಿಯವರಿಗೆ ಯುಪಿಐ.

ಹಳೆಯ ಕನ್ನಡ ಓದಿ ಅಭ್ಯಾಸ ಇರುವವರು, ಕೂತು ತಿದ್ದುವ ತಾಳ್ಮೆ ಇರುವವರು ಎರಡನೆಯ ದಾರಿಗೇ ಹೋಗಿ. ಅದರಲ್ಲಿ ಮಾಡಿದ್ದು ಬೇರೆ ಯಾರ ಬಳಿಯೂ ಸಿಗುವುದಿಲ್ಲ. ಸಮಯ ಕಡಿಮೆ ಇದ್ದರೆ ಒಂದೇ ಒಂದು ಸಿಸಿ ಕಥೆ ಹಿಡಿದು ಹಾಳೆ ಮಾಡಿ, ಪರಿಚಯದ ಎರಡು ಮನೆಗಳಿಗೆ ಕಳಿಸಿ ನೋಡಿ. ಪಿಎಲ್‌ಆರ್‌ಗೆ ನಾನು ಮತ್ತೆ ದುಡ್ಡು ಹಾಕುವುದಿಲ್ಲ. ಈಗ ಒಗಟುಗಳ ಹಾಳೆ ಮಾಡುತ್ತಿದ್ದೇನೆ. ಜನಪದ ಒಗಟು ಯಾರೊಬ್ಬರದ್ದೂ ಅಲ್ಲ. ಆದರೆ ಅಚ್ಚಾದ ಸಂಗ್ರಹದ ಜೋಡಣೆ, ವಿವರಣೆ ಸಂಪಾದಕರ ಶ್ರಮ. ಅದಕ್ಕೇ ಪುಸ್ತಕ ಮುಟ್ಟದೆ ಚಿಕ್ಕಮ್ಮನ ಓರಗೆಯವರ ಹತ್ತಿರ ಕೇಳಿ ಬರೆದುಕೊಳ್ಳುತ್ತಿದ್ದೇನೆ.