ಬಟ್ಟೆಯ ಬಣ್ಣ, ಪ್ಲಾಸ್ಟಿಕ್ ಸೈನಿಕ: ಫೆವಿಕ್ರಿಲ್ 15 ಮಿ.ಲೀ. ಬಾಟಲಿಗಳ ಬಗ್ಗೆ

ಕಳೆದ ವರ್ಷ ಮಳೆ ಹಿಡಿಯುವ ಮುಂಚೆ ಮೂರು ಸೈನಿಕರನ್ನು ಒಂದು ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಿಟ್ಟೆ. ಮೂವರದ್ದೂ ಒಂದೇ ಅಚ್ಚು, ಒಂದೇ ಮೆತ್ತನೆಯ ಹಸಿರು ಪ್ಲಾಸ್ಟಿಕ್. ಮೂವರನ್ನೂ ಸೋಪು ಹಾಕಿ ತೊಳೆದಿದ್ದೆ. ಒಬ್ಬನಿಗೆ ಎನಾಮಲ್ ಬಣ್ಣ. ಇನ್ನೊಬ್ಬನಿಗೆ ಹೊರದೇಶದಿಂದ ತರಿಸಿದ ಮಾಡೆಲ್ ಬಣ್ಣ, ಅಂದರೆ ಇಂಥ ಸಣ್ಣ ಮಾದರಿಗಳಿಗೆ ಅಂತಲೇ ಮಾಡಿದ್ದು. ಮೂರನೆಯವನಿಗೆ ಫೆವಿಕ್ರಿಲ್, ಅಂದರೆ ಹೆಂಗಸರು ಸೀರೆ, ದಿಂಬಿನ ಕವರಿನ ಮೇಲೆ ಹೂವು ಬರೆಯೋಕೆ ತರುವ ಅಕ್ರಿಲಿಕ್ ಬಣ್ಣ.

ದೀಪಾವಳಿ ಹೊತ್ತಿಗೆ ಡಬ್ಬಿ ತೆಗೆದೆ. ಒಬ್ಬೊಬ್ಬರದೇ ಬಂದೂಕಿನ ನಳಿಗೆಯನ್ನು ಬೆರಳ ತುದಿಯಲ್ಲಿ ಹಿಡಿದು ಮೆಲ್ಲಗೆ ಬಗ್ಗಿಸಿದೆ. ಎನಾಮಲ್ ಬಣ್ಣ ಹಪ್ಪಳದ ಹಾಗೆ ಚಕ್ಕೆ ಎದ್ದು ಅಂಗೈ ಮೇಲೆ ಉದುರಿತು. ಮಾಡೆಲ್ ಬಣ್ಣದವನ ಮಣಿಕಟ್ಟಿನ ಹತ್ತಿರ ಕೂದಲೆಳೆಯಷ್ಟು ಸಣ್ಣ ಬಿರುಕು ಬಂತು. ಫೆವಿಕ್ರಿಲ್ ಹಚ್ಚಿದ ಬಂದೂಕು ಬಗ್ಗಿತು, ಬಿಟ್ಟ ತಕ್ಷಣ ನೆಟ್ಟಗಾಯಿತು. ಬಣ್ಣ ಹಾಗೇ ಇತ್ತು. ಕಿಟಕಿ ಬೆಳಕಿಗೆ ಹಿಡಿದು, ಅಡಿಕೆ ಸ್ಯಾಂಪಲ್ ನೋಡುವ ಭೂತಗನ್ನಡಿಯಲ್ಲೂ ನೋಡಿದೆ. ಎಲ್ಲೂ ಬಿಟ್ಟಿರಲಿಲ್ಲ.

ಇದು ನನಗೆ ಹೊಸ ವಿಷಯ ಏನಲ್ಲ. ಚಿಕ್ಕಂದಿನಲ್ಲೇ ಕೈಗೆ ಗೊತ್ತಿತ್ತು. ನಡುವೆ ಹತ್ತು-ಹದಿನೈದು ವರ್ಷ ದುಬಾರಿ ಬಣ್ಣದ ಹಿಂದೆ ಹೋಗಿದ್ದೆ, ಅಷ್ಟೆ. ಈಗ ವಾಪಸ್ ಬಂದಿದ್ದೇನೆ. ನನ್ನ ಹಾಗೆ ಮೆತ್ತನೆ ಪ್ಲಾಸ್ಟಿಕ್ ಸೈನಿಕರನ್ನು ಕೂಡಿಡುವವರು ಯಾರಾದರೂ ಇದ್ದರೆ ಅವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲ ಸೈನಿಕರು ನನಗೆ ಸಿಕ್ಕಿದ್ದು ಸಾಗರದ ಮಾರಿಕಾಂಬಾ ಜಾತ್ರೆಯಲ್ಲಿ. ಜಾತ್ರೆ ಮೂರು ವರ್ಷಕ್ಕೊಮ್ಮೆ. ಹಾಗಾಗಿ ಸಿಕ್ಕಿದ್ದನ್ನು ಮುಂದಿನ ಜಾತ್ರೆವರೆಗೆ ಕಾಪಾಡಿಕೊಳ್ಳಬೇಕು. ನಾನಾಗ ಮೂರನೇ ಕ್ಲಾಸು. ಒಂದು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಹನ್ನೆರಡು ಜನ. ಎಲ್ಲರೂ ಹಸಿರು: ಮುಖ, ಬೂಟು, ಬಂದೂಕು ಎಲ್ಲಾ. ಮನೆಗೆ ಬಂದು ಅಮ್ಮನ ಪೇಂಟಿಂಗ್ ಡಬ್ಬಿ ತೆಗೆದೆ. ಅಮ್ಮ ಆಗ ದಿಂಬಿನ ಕವರುಗಳ ಮೇಲೆ ದಾಸವಾಳ ಬರೆಯುತ್ತಿದ್ದರು. ಬಾಟಲಿಗಳ ಮುಚ್ಚಳದ ಒಳಗೆ ಒಣಗಿದ ಬಣ್ಣ ರಬ್ಬರಿನ ಹಾಗೆ ಅಂಟಿಕೊಂಡಿರುತ್ತಿತ್ತು. ಅದನ್ನು ಎಳೆದರೆ ಹಿಗ್ಗುತ್ತಿತ್ತು. ಬೆಂಕಿಕಡ್ಡಿ ತುದಿಗೆ ಹತ್ತಿ ಸುತ್ತಿ ನಾನು ಮೊದಲ ಸೈನಿಕನ ಮುಖಕ್ಕೆ ಬಣ್ಣ ಹಚ್ಚಿದೆ. ಅಮ್ಮ ಬೈಯಲಿಲ್ಲ. "ಅಪ್ಪಿ, ಆ ಕೆಂಪು ಖಾಲಿ ಮಾಡ್ಬೇಡ್ವೋ, ಇನ್ನೊಂದು ದಾಸವಾಳ ಅರ್ಧಕ್ಕೇ ನಿಂತಿದೆ" ಅಂದರು ಅಷ್ಟೆ. ಆಮೇಲೆ ತಮ್ಮದೇ ಒಂದು ಸಣ್ಣ ಬ್ರಷ್ ಕೊಟ್ಟರು.

ಆ ಹನ್ನೆರಡರಲ್ಲಿ ಏಳು ಜನ ಈಗಲೂ ನನ್ನ ಗಾಜಿನ ಬೀರುವಿನಲ್ಲಿದ್ದಾರೆ. ಎಲ್ಲರ ಬಣ್ಣವೂ ಉಳಿದಿದೆ. ಮುಚ್ಚಳದಲ್ಲಿ ಹಿಗ್ಗುತ್ತಿದ್ದ ಆ ಒಣಗಿದ ಬಣ್ಣದಲ್ಲೇ ಇದಕ್ಕೆ ಕಾರಣ ಇದೆ. ಬಟ್ಟೆ ಮಡಚುತ್ತದೆ, ಒಗೆಯುವಾಗ ಹಿಂಡುತ್ತೇವೆ. ಅದಕ್ಕೆ ಹಚ್ಚುವ ಬಣ್ಣ ಒಣಗಿದ ಮೇಲೂ ಬಗ್ಗಬೇಕು. ಜಾತ್ರೆ ಸೈನಿಕರ ಪ್ಲಾಸ್ಟಿಕ್ ಸಾಮಾನ್ಯವಾಗಿ ಪಾಲಿಥೀನ್. ಅದು ಮೇಣದ ಹಾಗೆ ಜಾರುತ್ತದೆ, ಬಣ್ಣ ಹಿಡಿಯುವುದೇ ಕಷ್ಟ. ಜೊತೆಗೆ ಬಗ್ಗುತ್ತದೆ ಬೇರೆ. ಒಣಗಿ ಬಿರುಸಾಗುವ ಬಣ್ಣ ಅದರ ಮೇಲೆ ನಿಲ್ಲುವುದಿಲ್ಲ.

ಈಗ ಬಾಟಲಿಗೆ ಬರುತ್ತೇನೆ. ಶಿವಮೊಗ್ಗದ ದುರ್ಗಿಗುಡಿ, ನೆಹರೂ ರಸ್ತೆ ಕಡೆ ಯಾವ ದೊಡ್ಡ ಸ್ಟೇಷನರಿ ಅಂಗಡಿಗೆ ಹೋದರೂ ಸಿಗುತ್ತದೆ. ಹೊರದೇಶದ ಒಂದು ಬಾಟಲಿಯ ದುಡ್ಡಿಗೆ ಇಲ್ಲಿ ಕೆಲಸಕ್ಕೆ ಬೇಕಾದ ಅಷ್ಟೂ ಬಣ್ಣ ಬರುತ್ತದೆ. ಮೊನ್ನೆ ಅಂಗಡಿ ಹುಡುಗ ಕೇಳಿದ: "ಸಾರ್, ಮನೇಲಿ ಯಾರಿಗೆ ಪೇಂಟಿಂಗ್ ಕ್ಲಾಸು?" ನನಗೇ ಅಂದೆ. ಜೇಬಿನಲ್ಲಿದ್ದ ಒಬ್ಬ ಸೈನಿಕನನ್ನು ತೆಗೆದು ತೋರಿಸಿದೆ. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಒಳಗಿಂದ ಇನ್ನೊಂದು ಸಾಲು ಬಣ್ಣ ತಂದು ಮುಂದಿಟ್ಟ. ಯಾವ ಬಣ್ಣ ಬೇಕು ಅಂತ ಮುಚ್ಚಳ ತೆಗೆದು ನೋಡಿ ಕೊಳ್ಳಬಹುದು. ಆನ್‌ಲೈನ್‌ನಲ್ಲಿ ಇದು ಆಗುವುದಿಲ್ಲ. ಒಮ್ಮೆ ಒಂದು ಕಡೆಯಿಂದ ತರಿಸಿದ ಬೇರೆ ಬಣ್ಣದ ಪಾರ್ಸೆಲ್ ಬಿಚ್ಚಿದಾಗ ಎರಡು ಬಾಟಲಿ ಒಡೆದು, ಉಳಿದ ನಾಲ್ಕೂ ನೀಲಿಯಲ್ಲಿ ಮಿಂದಿದ್ದವು.

ಎಲ್ಲಾ ಬಣ್ಣ ಬೇಡ. ಬಿಳಿ, ಕಪ್ಪು, ಯೆಲ್ಲೋ ಓಕರ್ (ಮಣ್ಣಿನ ಹಳದಿ), ಬರ್ನ್ಟ್ ಸಿಯನ್ನಾ (ಕೆಂಪು ಮಿಶ್ರಿತ ಕಂದು), ಕ್ರಿಮ್ಸನ್ (ಕಡುಗೆಂಪು), ಪ್ರಷ್ಯನ್ ಬ್ಲೂ, ಸ್ಯಾಪ್ ಗ್ರೀನ್. ಇವು ಏಳು ಇದ್ದರೆ ಯಾವ ದೇಶದ ಯಾವ ಕಾಲದ ಪಟಾಲಮ್ಮನ್ನಾದರೂ ಮಾಡಬಹುದು. ಖಾಕಿಗೆ ಯೆಲ್ಲೋ ಓಕರ್ ಮೂರು ಪಾಲು, ಬಿಳಿ ಒಂದು ಪಾಲು, ಕಪ್ಪು ಸೂಜಿಮೊನೆಯಷ್ಟು. ಕಪ್ಪು ಜಾಸ್ತಿ ಆದರೆ ಹಸಿರಿಗೆ ತಿರುಗುತ್ತದೆ. ಆಗ ಒಂದು ಚೂರು ಸಿಯನ್ನಾ ಹಾಕಿ ಸರಿಮಾಡಬೇಕು. ನಾನು ಹಳೆಯ ಬಿಳಿ ಟೈಲ್ಸ್ ತುಂಡಿನ ಮೇಲೆ ಕಲಸುತ್ತೇನೆ. ಖಾಕಿ ಅನ್ನುವ ಮಾತು ಬಂದಿದ್ದೇ ಖಾಕ್, ಅಂದರೆ ಧೂಳು, ಮಣ್ಣು ಅನ್ನುವ ಪದದಿಂದ. ಕಲಸಿದ್ದು ಸರಿ ಇದೆಯಾ ಅಂತ ಅನುಮಾನ ಬಂದರೆ ಬೇಸಿಗೆಯ ರಸ್ತೆ ಧೂಳಿನ ಪಕ್ಕ ಹಿಡಿದು ನೋಡುತ್ತೇನೆ.

ಬಣ್ಣಕ್ಕಿಂತ ಮುಂಚಿನ ಕೆಲಸವೇ ದೊಡ್ಡದು. ಅಚ್ಚಿನಿಂದ ಸುಲಭವಾಗಿ ಬಿಡಲಿ ಅಂತ ಹಚ್ಚಿದ ಜಿಡ್ಡು ಸೈನಿಕರ ಮೇಲೆ ಉಳಿದಿರುತ್ತದೆ. ಪಾತ್ರೆ ತೊಳೆಯುವ ಸೋಪು, ಉಗುರು ಬೆಚ್ಚಗಿನ ನೀರು, ಹಳೇ ಹಲ್ಲುಜ್ಜುವ ಬ್ರಷ್. ತೊಳೆದ ಮೇಲೆ ಬರಿಗೈಯಲ್ಲಿ ಮುಟ್ಟಬಾರದು. ಕಾಲಡಿಯ ತಟ್ಟೆಯನ್ನು ಒಂದು ಬಾಟಲಿ ಮುಚ್ಚಳಕ್ಕೆ ಅಂಟಿಸಿಕೊಂಡರೆ ಮುಚ್ಚಳ ಹಿಡಿದೇ ಕೆಲಸ ಮಾಡಬಹುದು. ಆಮೇಲೆ ಫೆವಿಕಾಲ್‌ಗೆ ಅಷ್ಟೇ ನೀರು ಬೆರೆಸಿ ಇಡೀ ಮೈಗೆ ತೆಳ್ಳಗೆ ಒಂದು ಕೈ. ಹಚ್ಚಿದಾಗ ಹಾಲಿನ ಹಾಗೆ ಬೆಳ್ಳಗಿರುತ್ತದೆ. ಒಣಗುತ್ತಾ ಒಣಗುತ್ತಾ ಬಿಳುಪು ಹೋಗಿ ಒಳಗಿನ ಹಸಿರು ಕಾಣುತ್ತದೆ. ಮೊದಲು ಉಬ್ಬಿದ ಜಾಗ, ಮೂಗು, ಮೊಣಕಾಲು; ಕೊನೆಗೆ ಕಂಕುಳು, ಬೆಲ್ಟಿನ ಸಂದು. ಫೆವಿಕಾಲ್ ಒಣಗುವಾಗ ಕುಗ್ಗಿ ಮೈಗೆ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಬಣ್ಣ ಕೂರುವುದು ಆ ಪೊರೆಯ ಮೇಲೆ. ಇಷ್ಟು ಮಾಡಿದರೆ ಬೇರೆ ಬಣ್ಣಗಳೂ ಸ್ವಲ್ಪ ಹೆಚ್ಚು ಕಾಲ ನಿಲ್ಲುತ್ತವೆ. ಬಟ್ಟೆ ಬಣ್ಣವಂತೂ ಒಂದಾಗಿಬಿಡುತ್ತದೆ.

ಬಟ್ಟೆಗೆ ಅಂತ ಮಾಡಿದ್ದಾದ್ದರಿಂದ ಬಾಟಲಿಯಲ್ಲಿ ಗಟ್ಟಿ ಇರುತ್ತದೆ. ಹಾಗೇ ಹಚ್ಚಿದರೆ ಕಣ್ಣು, ಗುಂಡಿ, ಬಟ್ಟೆಯ ಮಡಿಕೆ ಎಲ್ಲಾ ಮುಚ್ಚಿಹೋಗುತ್ತದೆ. ನೀರು ಬೆರೆಸಿ ಹಾಲಿನ ಹದಕ್ಕೆ ತಂದು ಎರಡು-ಮೂರು ಕೈ ಹಚ್ಚಬೇಕು. ಹಳದಿ ಮತ್ತು ಕೆಂಪಿಗೆ ಅಡಿಯಲ್ಲಿ ಬಿಳಿ ಬೇಕು. ಆ ಬಣ್ಣಗಳು ಸಾಮಾನ್ಯವಾಗಿ ಅಡಿಯದ್ದನ್ನು ಪೂರ್ತಿ ಮುಚ್ಚುವುದಿಲ್ಲ, ಬೇರೆ ಕಂಪನಿಯದ್ದೂ ಹೆಚ್ಚಾಗಿ ಅಷ್ಟೆ. ಕೊನೆಗೆ ಸಿಯನ್ನಾಕ್ಕೆ ಚೂರು ಕಪ್ಪು, ತುಂಬಾ ನೀರು, ಒಂದು ತೊಟ್ಟು ಪಾತ್ರೆ ಸೋಪು ಬೆರೆಸಿ ಮೈಮೇಲೆ ಹರಿಬಿಟ್ಟರೆ ಮಡಿಕೆಗಳಲ್ಲಿ ಇಳಿದು ನೆರಳಾಗುತ್ತದೆ. ಸೋಪು ಹಾಕದಿದ್ದರೆ ನೀರು ಕೆಸುವಿನ ಎಲೆ ಮೇಲಿನ ಹನಿಯ ಹಾಗೆ ಗುಂಡಗೆ ನಿಂತುಬಿಡುತ್ತದೆ.

ಮಲೆನಾಡಿನವರಿಗೆ ಒಂದು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಕೈಗೂ ಇನ್ನೊಂದು ಕೈಗೂ ನಡುವೆ ಒಂದು ದಿನ ಬಿಡಿ. ಗಾಳಿಯಲ್ಲೇ ನೀರಿರುವಾಗ ಅವಸರ ಮಾಡಿದರೆ ಕೆಳಗಿನ ಬಣ್ಣ ಎದ್ದು ಬರುತ್ತದೆ. ಒಣಗಲಿ ಅಂತ ಬಚ್ಚಲ ಒಲೆಯ ಹತ್ತಿರ ಇಡಬೇಡಿ. ಒದ್ದೆ ಬಟ್ಟೆ ಹರವುವ ಆ ತಂತಿಯ ಕೆಳಗೆ ನಾನು ಚಿಕ್ಕವನಿದ್ದಾಗ ಇಟ್ಟಿದ್ದೆ. ಬೆಳಗ್ಗೆ ನೋಡಿದರೆ ಒಬ್ಬನ ಬಂದೂಕು ನೆಲ ನೋಡುತ್ತಿತ್ತು. ಅದನ್ನು ಸರಿಮಾಡುವುದೂ ಬಿಸಿಯಿಂದಲೇ: ಬಿಸಿ ನೀರಿನಲ್ಲಿ ಅದ್ದಿ, ನೆಟ್ಟಗೆ ಮಾಡಿ, ಹಿಡಿದಂತೆಯೇ ತಣ್ಣೀರಿಗೆ ಅದ್ದಿದರೆ ನಿಲ್ಲುತ್ತದೆ. ಇದನ್ನು ಬಣ್ಣ ಹಚ್ಚುವ ಮೊದಲೇ ಮಾಡಿಕೊಳ್ಳಬೇಕು. ಸ್ಪ್ರೇ ವಾರ್ನಿಶ್ ಮಳೆಗಾಲದಲ್ಲಿ ಬೇಡವೇ ಬೇಡ. ತೇವ ಸಿಕ್ಕಿಕೊಂಡು ಮಂಜು ಕವಿದ ಹಾಗೆ ಬೆಳ್ಳಗಾಗುತ್ತದೆ. ಮೂರು ವಾರ ಕೂತು ಮಾಡಿದ ಆರು ಜನರ ಮುಖ ಹೀಗೆ ಹೋಯಿತು. ಆ ಸಂಕಟ ಇನ್ನೂ ಇದೆ. ಬೀರುವಿನಲ್ಲಿ ಬೂಷ್ಟು ಬರದಿರಲಿ ಅಂತ ಚಪ್ಪಲಿ ಪೆಟ್ಟಿಗೆಗಳಲ್ಲಿ ಬರುವ ಸಿಲಿಕಾ ಪೊಟ್ಟಣಗಳನ್ನು ಕೂಡಿಟ್ಟು ಹಾಕುತ್ತೇನೆ. ಮಳೆಯಿಂದ ಒಂದು ಉಪಕಾರವೂ ಇದೆ. ಕಾಂಪೌಂಡ್ ಗೋಡೆಯ ಪಾಚಿಯನ್ನು ಕೆರೆದು ಒಣಗಿಸಿ ಪುಡಿ ಮಾಡಿದರೆ ಸೈನಿಕರ ಕಾಲಡಿಗೆ ಅದಕ್ಕಿಂತ ಒಳ್ಳೆ ಹುಲ್ಲು ಇಲ್ಲ.

ಯಾರಿಗೆ ಈ ಬಣ್ಣ ಬೇಡ ಅಂತಲೂ ಹೇಳಬೇಕು. ಅಂಟಿಸಿ ಜೋಡಿಸುವ ಗಟ್ಟಿ ಪ್ಲಾಸ್ಟಿಕ್ ಕಿಟ್ ಮಾಡುವವರಿಗೆ ಬಗ್ಗುವ ಬಣ್ಣದ ಅಗತ್ಯ ಇಲ್ಲ. ಅವರಿಗೆ ಮಾಡೆಲ್ ಬಣ್ಣವೇ ಸರಿ. ಇನ್ನು ಹಳೆಯ ಸೀಸದ ಸೈನಿಕರು. ಇಂಗ್ಲೆಂಡಿನ ಬ್ರಿಟನ್ಸ್ ಕಂಪನಿ 1893ರಲ್ಲಿ ಒಳಗೆ ಟೊಳ್ಳಾದ ಸೀಸದ ಸೈನಿಕರನ್ನು ಮಾಡಲು ಶುರು ಮಾಡಿತು. ಕಾಸಿದ ಲೋಹವನ್ನು ಅಚ್ಚಿಗೆ ಹೊಯ್ದು, ಹೊರಪದರ ಗಟ್ಟಿಯಾದ ಕೂಡಲೇ ಉಳಿದದ್ದನ್ನು ವಾಪಸ್ ಸುರಿಯುವುದು. ಲೋಹ ಕಡಿಮೆ ಸಾಕು, ಬೆಲೆಯೂ ಇಳಿಯಿತು. ಆಟದ ಸೈನಿಕರಿಗೆ 54 ಮಿ.ಮೀ. ಎತ್ತರದ ಅಳತೆ ಬೆಳೆದಿದ್ದು ಅವರಿಂದಲೇ. 1966ರ ಹೊತ್ತಿಗೆ ಸೀಸದ ಕಾಲ ಮುಗಿಯಿತು. ನನ್ನ ಹತ್ತಿರ ಅಂಥ ಒಬ್ಬನಿದ್ದಾನೆ, ಬಲಗೈ ಇಲ್ಲ, ಕೋಟಿನ ಕೆಂಪು ಅರ್ಧ ಹೋಗಿದೆ. ಅವನಿಗೆ ನಾನು ಬ್ರಷ್ ಸೋಕಿಸಿಲ್ಲ. ಹಳೇ ಬಣ್ಣದ ಮೇಲೆ ಹೊಸದು ಬಂದರೆ ಸಂಗ್ರಹಕಾರರ ಲೆಕ್ಕದಲ್ಲಿ ಅದರ ಬೆಲೆಯೇ ಹೋಗುತ್ತದೆ. ಮುಟ್ಟಿದ ಮೇಲೆ ಕೈ ತೊಳೆಯುತ್ತೇನೆ. ಮಕ್ಕಳ ಕೈಗಂತೂ ಕೊಡುವುದಿಲ್ಲ.

ಈಗ ಮೇಜಿನ ಮೇಲಿರುವವರು ಮೈಸೂರು ಲ್ಯಾನ್ಸರ್ಸ್, ಅಂದರೆ ಭರ್ಜಿ ಹಿಡಿದ ಕುದುರೆ ಸವಾರರು. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಈಗ ಇಸ್ರೇಲ್‌ನಲ್ಲಿರುವ ಹೈಫಾ ಊರನ್ನು ಗೆದ್ದವರು. ಜೋಧಪುರದ ಸವಾರರು ಊರಿನ ಮೇಲೆ ನುಗ್ಗಿದರೆ, ನಮ್ಮವರಲ್ಲಿ ಒಂದು ತುಕಡಿ ಕಾರ್ಮೆಲ್ ಬೆಟ್ಟ ಹತ್ತಿ ಮೇಲಿದ್ದ ಫಿರಂಗಿಗಳ ಮೇಲೆ ಬಿತ್ತು. ಮೈಸೂರು ಸಂಸ್ಥಾನದ ಕುದುರೆ ಸವಾರರು, ನಮ್ಮ ಶಿವಮೊಗ್ಗವೂ ಆಗ ಸೇರಿದ್ದ ಸಂಸ್ಥಾನದವರು. ಅವರ ಪೆಟ್ಟಿಗೆ ನನಗೆ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಅದಕ್ಕೆ ಬೇರೆ 1/32 ಅಳತೆಯ (ನಿಜದ ಮೂವತ್ತೆರಡರಲ್ಲಿ ಒಂದು ಪಾಲು) ಸವಾರರನ್ನು ತೆಗೆದುಕೊಂಡು ಟೋಪಿ ಕೆತ್ತಿ ತೆಗೆದು, ಅಮ್ಮನ ಹೊಲಿಗೆ ಡಬ್ಬಿಯ ದಾರವನ್ನು ಫೆವಿಕಾಲ್‌ನಲ್ಲಿ ಅದ್ದಿ ತಲೆಗೆ ಸುತ್ತಿದೆ. ಪೇಟ ಆಯಿತು. ಭರ್ಜಿಗೆ ಮೆತ್ತನೆ ಪ್ಲಾಸ್ಟಿಕ್ ಆಗುವುದಿಲ್ಲ, ಬಾಗಿ ನಿಲ್ಲುತ್ತದೆ. ನಿಜವಾದ ಭರ್ಜಿ ಸುಮಾರು ಒಂಬತ್ತು ಅಡಿ, ಹಿಡಿಗೆ ಬಿದಿರು. ಈ ಅಳತೆಗೆ ಎಂಟೂವರೆ ಸೆಂಟಿಮೀಟರ್. ತೆಂಗಿನ ಗರಿಯ ಹಿಡಿಕಡ್ಡಿಯನ್ನು ಬ್ಲೇಡಿನಲ್ಲಿ ಕೆರೆದರೆ ಸರಿಯಾಗಿ ಕೂರುತ್ತದೆ. ಬಿದಿರಿನ ಬಣ್ಣಕ್ಕೆ ಓಕರ್, ಗಿಣ್ಣುಗಳಿಗೆ ಸಿಯನ್ನಾದ ಸಣ್ಣ ಗೆರೆ.

ಪೇಟದ ದಾರದ ಮೇಲೆ ಬಣ್ಣ ಹಚ್ಚಿದಾಗ ನನಗೆ ಸಂತೋಷ ತಡೆಯಲಾಗಲಿಲ್ಲ. ಅದು ಬಟ್ಟೆಯೇ ತಾನೆ. ಎಳೆ ಎಳೆಗೂ ಹೀರಿಕೊಂಡಿತು, ಸುತ್ತು ಸುತ್ತೂ ಬೇರೆ ಬೇರೆ ಕಾಣುತ್ತಿತ್ತು. ಅಮ್ಮನಿಗೆ ಈಗ ಕಣ್ಣು ಅಷ್ಟು ಕಾಣುವುದಿಲ್ಲ. ಕೈಗೆ ಕೊಟ್ಟೆ. ಹೆಬ್ಬೆರಳಲ್ಲಿ ಪೇಟವನ್ನು ಸವರಿ, "ನನ್ನ ದಾರ ಅಲ್ವಾ ಇದು, ಅಪ್ಪಿ?" ಅಂದರು.

ಕೊಳ್ಳುವವರಿಗೆ: ಕುದುರೆ ಸವಾರರನ್ನು ಮಾಡುವುದಾದರೆ ಬರ್ನ್ಟ್ ಸಿಯನ್ನಾ ಎರಡು ಬಾಟಲಿ ತನ್ನಿ. ಕುದುರೆಯ ಮೈ ದೊಡ್ಡದು. ಒಂದರಲ್ಲಿ ನನಗೆ ಒಂಬತ್ತೇ ಕುದುರೆ ಆಯಿತು, ಹತ್ತನೆಯದು ಇನ್ನೂ ಫೆವಿಕಾಲ್ ಹಚ್ಚಿಕೊಂಡು ನಿಂತಿದೆ.